ಸೇವ್ ಒತ್ತದೆಯೇ ಉಳಿದದ್ದು

"ನಿಮ್ಮ ಕಂಪ್ಯೂಟರ್ ಒಡೀಲೋ, ನಿಮ್ಮ ತಲಿ ಒಡೀಲೋ? ನೀವ ಹೇಳ್ರಿ!"

ಬೈಲಹೊಂಗಲದ ಆ ಸಣ್ಣ ಕಂಪ್ಯೂಟರ್ ಸೆಂಟರಿನಲ್ಲಿ ಕುಳಿತಿದ್ದ ಹತ್ತು ಹನ್ನೆರಡು ಮಂದಿ ಒಮ್ಮೆಗೇ ತಲೆ ಎತ್ತಿದರು.

ಬಾಗಿಲಲ್ಲಿ ಒಬ್ಬ ಹುಡುಗಿ. ಮೇ ತಿಂಗಳ ಬಿಸಿಲಿಗೆ ಮುಖ ಕೆಂಪಾಗಿತ್ತು. ಎದೆಗೆ ಒತ್ತಿ ಹಿಡಿದಿದ್ದು ಒಂದು ದಪ್ಪ ಹಳೆಯ ವಹಿ. ಇನ್ನು ಕಣ್ಣು... ಆ ಕಣ್ಣು ನೋಡಿದ್ದರೆ ನೀವೂ ಎದ್ದು ನಿಲ್ಲುತ್ತಿದ್ದಿರಿ!

ಆಕಾಶನೂ ಎದ್ದು ನಿಂತ. ಸೆಂಟರ್ ಅವನದೇ. ಧಾರವಾಡದಲ್ಲಿ ಎಂಸಿಎ ಮುಗಿಸಿ, ಎರಡು ವರ್ಷದ ಹಿಂದೆ ಇಲ್ಲಿ ಅಂಗಡಿ ತೆರೆದವನು.

"ಕುಂದರ್ರಿ ಮೇಡಂ. ಮೊದಲ ಸ್ವಲ್ಪ ನೀರ ಕುಡೀರಿ..."

"ನಿಮ್ಮ ನೀರ ಕುಡ್ಯಾಕ ಬಂದಿಲ್ಲ ನಾ!"

ಲೋಟ ಹಿಡಿದ ಅವನ ಕೈ ಒಂದು ಕ್ಷಣ ನಿಂತಿತು. ನೀರು ಬೇಡ ಎನ್ನುವ ಮಾತನ್ನು ಅವನು ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ಬಗೆಯಲ್ಲಿ ಕೇಳಿದ್ದ. ಆದರೆ ಈ ಹುಡುಗಿಗೆ ಅದೆಲ್ಲ ಗೊತ್ತಿರಲಿಲ್ಲ. ಅವಳು ಬರೀ ಸಿಟ್ಟಿನಲ್ಲಿದ್ದಳು.

"ನಾ ತಂಗೆವ್ವನ ಮಗಳು. ಶೀತಲ!"

ತಂಗೆವ್ವ ಎಂದರೆ ಸಾಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕಿನಲ್ಲಿ ಕನ್ಯೆ ನೋಡುವವರೆಲ್ಲ ಮೊದಲು ಹತ್ತುತ್ತಿದ್ದದ್ದು ಅವಳ ಮನೆಯ ಮೆಟ್ಟಿಲು. ಗಂಡ ತೀರಿಕೊಂಡ ಮೇಲೆ ಇಪ್ಪತ್ತೈದು ವರ್ಷ, ಒಂದೇ ಒಂದು ವಹಿಯ ಬಲದ ಮೇಲೆ ಆಕೆ ಮದುವೆ ಕೂಡಿಸಿದ್ದಳು. ಆ ವಹಿಯಲ್ಲಿ ಪ್ರತಿ ಹೆಸರಿನ ಮುಂದೆ ಬೆಡಗು, ಅಂದರೆ ಕುಲದ ಹೆಸರು, ಬರೆದಿರುತ್ತಿತ್ತು. ಅವರ ಸಮಾಜದಲ್ಲಿ ಒಂದೇ ಬೆಡಗಿನವರೆಂದರೆ ಅಣ್ಣ ತಂಗಿಯರ ಲೆಕ್ಕ. ಅವರೊಳಗೆ ಮದುವೆಯ ಮಾತೇ ಇಲ್ಲ.

ಒಂದು ವರ್ಷದ ಹಿಂದೆ ಆ ವಹಿಯೆಲ್ಲ ಕಂಪ್ಯೂಟರಿಗೆ ಏರಿತು. ಏರಿಸಿದವನು ಆಕಾಶ. ಪಟ್ಟಿ ಬೇಕಾದರೆ ಸೆಂಟರಿಗೆ ಒಂದು ಫೋನ್ ಮಾಡಿದರಾಯಿತು, ಪ್ರಿಂಟ್ ಮನೆಗೆ ಬರುತ್ತಿತ್ತು.

ಆಮೇಲೆ ಮೊನ್ನೆ, ಮುರಗೋಡದಲ್ಲಿ, ಶಿವಾನಿ ಎಂಬ ಹುಡುಗಿಗೆ ಸಕ್ಕರೆ ಕೊಟ್ಟು ಮದುವೆ ನಿಶ್ಚಯಿಸುವ ಶಾಸ್ತ್ರ. ನೂರಾರು ಮಂದಿ ಕೂತಿದ್ದರು. ಸಕ್ಕರೆಯ ತಟ್ಟೆ ಇನ್ನೇನು ಹುಡುಗಿಯ ಕೈಗೆ ಬರಬೇಕು... ರಾಮದುರ್ಗದಿಂದ ಬಂದಿದ್ದ ವರನ ಅಜ್ಜಿ ಮುದಕವ್ವ, ಸುಮ್ಮನೆ ಮಾತಿಗೆ ಎಂಬಂತೆ ಕೇಳಿದಳು.

"ತಂಗೀ, ನಿಮ್ಮ ಬೆಡಗ ಯಾವುದ?"

"ಮೆಣಸಿನವರ್ರಿ, ಅಜ್ಜಿ."

ತಟ್ಟೆ ಅಲ್ಲೇ ನಿಂತಿತು. ವರನೂ ಮೆಣಸಿನವರ ಹುಡುಗ!

"ಅಣ್ಣ ತಂಗಿಗೆ ಸಕ್ಕರಿ ಕೊಡಸಾಕ ಹತ್ತಿದ್ಯಲ್ಲ, ತಂಗೆವ್ವಾ! ನಿನ್ನ ಬಾಯಾಗ ಮಣ್ಣ ಬೀಳಲಿ!" ಎಂದು ಮುದಕವ್ವ ಚೀರಿದಳು.

ಅವತ್ತಿನಿಂದ ತಂಗೆವ್ವ ಬಾಯಿ ಬಿಟ್ಟಿರಲಿಲ್ಲ. ಅನ್ನ ಮುಟ್ಟಿರಲಿಲ್ಲ.

"ನಿಮ್ಮ ಪಟ್ಟ್ಯಾಗ ಶಿವಾನಿ ಬೆಡಗ ಹೂವಿನವರು ಅಂತ ಬಂದೈತಿ. ಇಲ್ಲಿ ನೋಡ್ರಿ, ನಮ್ಮವ್ವನ ವಹಿ! ಮೆಣಸಿನವರು ಅಂತ ಐತಿ. ಹೆಂಗ ಬದಲಾತು? ಹೇಳ್ರಿ!"

ಆಕಾಶ ಕಂಪ್ಯೂಟರಿನಲ್ಲಿ ಹುಡುಕಿದ. ಅವನ ಹುಬ್ಬು ಗಂಟಾಯಿತು. ಡೇಟಾಬೇಸಿನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ವಹಿಯಲ್ಲಿ, ಹೂವಿನವರು ಎಂದೇ ಇತ್ತು.

"ಮೇಡಂ, ಬೆಡಗ ತಿದ್ದಿ ಉಳಸೋದು ಈ ಪ್ರೋಗ್ರಾಮಿನಾಗ ಒಂದ ಕಡೆ ಅಷ್ಟ ಐತಿ. ಅಲ್ಲಿ ಸೇವ್ ಒತ್ತಬೇಕು. ನಾ ಅಂತೂ ಒತ್ತಿಲ್ಲ. ಬಹುಶಃ ಮೊದಲ ಹೇಳಿ ಬರಸುವಾಗ ಅವ್ವಾರು..."

"ಏನಂದ್ರಿ?"

ಅವನಿಗೆ ಆಗಲೇ ಗೊತ್ತಾಯಿತು, ಆಡಬಾರದ್ದು ಆಡಿದೆ ಎಂದು.

"ತಪ್ಪ ನಮ್ಮವ್ವಂದು ಅಂತೀರಿ! ಹೌದಲ್ರಿ? ಇರಲಿ. ಇವತ್ತಿನಿಂದ ನೆನಪ ಇಟ್ಕೊರ್ರಿ. ನಮ್ಮವ್ವ ಎಷ್ಟ ಮಂದಿ ಮುಂದ ತಲಿ ತಗ್ಗಿಸ್ಯಾಳ, ಅಷ್ಟ ಮಂದಿ ಮುಂದ ನಿಮ್ಮ ತಲಿ ತಗ್ಗಸ್ತೇನಿ. ತಗ್ಗಸಲಿಲ್ಲಂದ್ರ ನಾ ತಂಗೆವ್ವನ ಮಗಳ ಅಲ್ಲ!"

ಬಿರುಗಾಳಿಯಂತೆ ಬಂದವಳು ಹಾಗೆಯೇ ಹೋದಳು.

ಹದಿನೈದು ದಿನ ಕಳೆಯಿತು. ತಂಗೆವ್ವನ ಮನೆಯ ಫೋನ್ ಸದ್ದು ಮಾಡುವುದನ್ನೇ ಬಿಟ್ಟಿತು. ದಿನಕ್ಕೆ ನಾಲ್ಕು ಜನ ಬರುತ್ತಿದ್ದ ಪಡಸಾಲೆಯಲ್ಲಿ ಚಾಪೆ ಸುತ್ತಿಟ್ಟದ್ದು ಸುತ್ತಿಟ್ಟಂತೆಯೇ ಇತ್ತು. ಆಕೆ ಬೆಳಗ್ಗೆ ಎದ್ದು ವಹಿ ಬಿಚ್ಚುವಳು, ಒಂದು ಪುಟ ನೋಡುವಳು, ಮುಚ್ಚಿ ಇಡುವಳು. ಶೀತಲಳಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಕೂಗಾಡಿದರೆ ಅವನ ತಲೆ ತಗ್ಗುವುದಿಲ್ಲ. ಅವನ ವಿದ್ಯೆಯಲ್ಲೇ ಅವನ ತಪ್ಪು ಹಿಡಿಯಬೇಕು...

ಜೂನ್ ಒಂದಕ್ಕೆ ಅವಳು ಮತ್ತೆ ಸೆಂಟರಿನ ಬಾಗಿಲಲ್ಲಿ ನಿಂತಳು. ಈ ಸಲ ಮುಖದಲ್ಲಿ ನಗು. ಸುಳ್ಳು ನಗು, ಆದರೆ ಚೆಂದದ್ದು!

"ಬಿ.ಕಾಂ. ಮುಗದೈತ್ರಿ, ಸರ್. ನನಗೂ ಪ್ರೋಗ್ರಾಮಿಂಗ್ ಕಲಸ್ತೀರೇನು?"

ಆಕಾಶ ಅವಳನ್ನು ನೋಡಿದ. ಅವನು ದಡ್ಡನಲ್ಲ. ಆ ನಗುವಿನ ಹಿಂದೆ ಏನಿದೆ ಎಂದು ಅವನಿಗೆ ತಿಳಿಯದೇ ಇರಲಿಲ್ಲ.

"ಕಲಸ್ತೇನ್ರಿ. ನಾಳೆ ಎಂಟಕ್ಕ ಬರ್ರಿ."

ಮೊದಲ ತಿಂಗಳು ಅವಳು ಬರೀ ಬರೆದುಕೊಂಡಳು. ಎರಡನೆಯ ತಿಂಗಳು ಪ್ರಶ್ನೆ ಶುರುವಾಯಿತು.

"ಸರ್, ಈ ಹೈಬರ್ನೇಟ್ ಅಂದ್ರ ಏನ್ರಿ? ನಮ್ಮವ್ವನ ಸಾಫ್ಟ್‌ವೇರಿನಾಗ ಎಲ್ಲಾ ಕಡೆ ಇದ ಐತಿ."

"ನೋಡ್ರಿ, ಪ್ರೋಗ್ರಾಮ್ ಬರಿಯೋ ಜಾವಾ ಭಾಷಾದಾಗ ಒಂದ ಕನ್ಯಾ ಅಂದ್ರ ಒಂದ ಆಬ್ಜೆಕ್ಟ್. ಆಕಿಗೆ ಹೆಸರು, ಊರು, ಬೆಡಗು, ಅವ್ವ, ಅಪ್ಪ ಎಲ್ಲಾ ಅದಾರ. ಡೇಟಾಬೇಸಿಗೆ ಆಬ್ಜೆಕ್ಟ್ ಗೀಬ್ಜೆಕ್ಟ್ ಗೊತ್ತಿಲ್ಲ. ಅದಕ್ಕ ಸಾಲು, ಕಾಲಂ ಅಷ್ಟ ಗೊತ್ತು. ಈ ಮನಿ ಮಾತ ಆ ಮನಿಗೆ ತಿಳಿಯೂದಿಲ್ಲ. ನಡುವ ಒಬ್ಬರು ಬೇಕಲ್ರಿ? ಇಲ್ಲಿ ಕೇಳಿ ಅಲ್ಲಿ ಹೇಳೋರು, ಅಲ್ಲಿಂದ ತಂದ ಇಲ್ಲಿ ಕೊಡೋರು. ಅದ ಹೈಬರ್ನೇಟ್. ನಿಮ್ಮವ್ವಾರ ಕೆಲಸನ ಅದೂ ಮಾಡ್ತೈತಿ."

"ನಮ್ಮವ್ವ ತಪ್ಪ ಮಾಡೂದಿಲ್ಲ."

"ಅದೂ ಮಾಡೂದಿಲ್ರಿ," ಎಂದ ಅವನು ಮೆಲ್ಲಗೆ. "ಅದಕ್ಕ ಹೇಳಿದವರು ಮಾಡ್ತಾರ."

ಅವಳು ಪೆನ್ನು ಕಚ್ಚಿದಳು.

ಕರೆಂಟು ಹೋದಾಗಲೆಲ್ಲ ಪಾಠ ನಿಲ್ಲುತ್ತಿತ್ತು. ಬೈಲಹೊಂಗಲದ ಕರೆಂಟು ನಿಮಗೆ ಗೊತ್ತೇ ಇದೆ! ಆಗ ಎಲ್ಲರೂ ಹೊರಗೆ ಬಂದು ಕಟ್ಟೆಯ ಮೇಲೆ ಕೂಡುವರು. ಚುರಮುರಿ ಬರುವುದು. ಆಕಾಶ ಹಸಿ ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡು, ಖಾರ ಹತ್ತಿಯೇ ಇಲ್ಲ ಎಂದು ನಟಿಸುತ್ತಿದ್ದ. ಶೀತಲ ನಕ್ಕುಬಿಡುತ್ತಿದ್ದಳು. ನಕ್ಕ ಮೇಲೆ ತನ್ನ ಮೇಲೇ ಸಿಟ್ಟಾಗುತ್ತಿದ್ದಳು.

ಶೀತಲ, ಮರೀಬ್ಯಾಡ. ಇವನು ನಿನ್ನ ವೈರಿ!

ಒಂದು ದಿನ ಅಂಥದ್ದೇ ಹೊತ್ತಿನಲ್ಲಿ, ಮನೆಯ ರೂಢಿಯಂತೆ ಅವಳ ಬಾಯಿಂದ ಬಂತು.

"ನಿಮ್ಮ ಬೆಡಗ ಯಾವುದ್ರಿ, ಸರ್?"

ಅವನು ಕೈಯಲ್ಲಿದ್ದ ಚಾ ಕೆಳಗಿಟ್ಟ.

"ನಿಮ್ಮ ವಹಿಯೊಳಗ ನಮ್ಮ ಮಂದಿ ಬರೂದಿಲ್ರಿ. ದೊಡವಾಡದಾಗ ನಮ್ಮ ಓಣಿ ಊರ ಹೊರಗ ಐತಿ. ನಮ್ಮ ಮನ್ಯಾಗ ಬುದ್ಧನ ಪಟ ಐತಿ. ನಮ್ಮವ್ವ ಲಗಮವ್ವ ಕುಪ್ಪಸ ಹೊಲದು ನನ್ನ ಓದಿಸ್ಯಾಳ." ಅವನು ಲೋಟವನ್ನು ಬದಿಗೆ ಸರಿಸಿದ. "ಖರೇ ಹೇಳ್ಬೇಕಂದ್ರ, ಬೆಡಗ ಅನ್ನೋದು ನನಗ ಬರೇ ಒಂದ ಕಾಲಂ ಆಗಿತ್ತು. ಅದರ ಸಲುವಾಗಿ ಒಂದ ಮದುವಿ ಮುರೀತದ, ಒಬ್ಬ ತಾಯಿ ಅನ್ನ ಬಿಡ್ತಾಳ ಅಂತ ಗೊತ್ತಿರಲಿಲ್ಲ."

ನಿಮ್ಮ ನೀರು ಕುಡಿಯಲು ಬಂದಿಲ್ಲ... ಮೇ ತಿಂಗಳಲ್ಲಿ ತಾನು ಎಲ್ಲರ ಮುಂದೆ ಕಿರುಚಿದ್ದು ಅವಳಿಗೆ ನೆನಪಾಯಿತು. ಕಿವಿ ಬಿಸಿಯಾಯಿತು. ಅವಳು ಅವನ ಥರ್ಮಾಸ್ ಎಳೆದುಕೊಂಡು, ತನ್ನ ಲೋಟಕ್ಕೆ ಚಾ ಬಗ್ಗಿಸಿಕೊಂಡು, ಸುಡುಸುಡು ಕುಡಿದಳು.

"ನಾಲಿಗಿ ಸುಡ್ತೈತ್ರಿ, ಮೇಡಂ!"

"ಸುಡಲಿ!"

ಅವನು ನಕ್ಕ. ಆ ನಗು ನೋಡಿ ಅವಳಿಗೆ ಭಯವಾಯಿತು. ಇಂಥವನನ್ನು ದ್ವೇಷಿಸುವುದು ಎಷ್ಟು ಕಷ್ಟ! ದ್ವೇಷಿಸದೇ ಇದ್ದರೆ ಇನ್ನೂ ಕಷ್ಟ. ತಂಗೆವ್ವನ ಮಗಳು, ದೊಡವಾಡದ ಊರ ಹೊರಗಿನ ಓಣಿಯ ಹುಡುಗನನ್ನು... ಊರು ಏನಂದೀತು? ಅವ್ವನ ಹೆಸರು ಉಳಿದಿದ್ದು ಚೂರು ಪಾರು, ಅದೂ ಹೋದೀತು. ಇಲ್ಲ, ಸೇಡೇ ಸರಿ. ಸೇಡಿನಲ್ಲಿ ಗೊಂದಲವಿಲ್ಲ!

ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ ಆಕಾಶ ಅವಳೊಬ್ಬಳಿಗೇ ಪಾಠ ಹೇಳಿದ. ಅವತ್ತು ಅವನ ಮುಖ ಯಾಕೋ ಸರಿಯಿರಲಿಲ್ಲ.

"ಇವತ್ತ ಒಂದ ಆಟ ಆಡ್ರಿ. ಡೇಟಾಬೇಸಿನಿಂದ ಒಂದ ಕನ್ಯಾದ ಆಬ್ಜೆಕ್ಟ್ ತಗೀರಿ. ಆಕಿ ಊರ ಬದಲ ಮಾಡ್ರಿ. ಆದ್ರ ಸೇವ್ ಅಂತ ಬರೀಬ್ಯಾಡ್ರಿ. ಕಡೀಕ ಕಮಿಟ್ ಅಷ್ಟ ಬರೀರಿ, ಅಂದ್ರ ಕೆಲಸ ಪಕ್ಕಾ ಆತು ಅನ್ನೂದು."

ಅವಳು ಬರೆದಳು. ಓಡಿಸಿದಳು. ಆಮೇಲೆ ಡೇಟಾಬೇಸ್ ತೆರೆದು ನೋಡಿದಳು.

ಊರು ಬದಲಾಗಿತ್ತು!

"ಇದೇನ್ರಿ! ನಾ ಸೇವ್ ಬರದಿಲ್ಲಲಾ!"

"ಬರೀಬೇಕಾಗಿಲ್ರಿ. ಕನ್ಯಾ ನೋಡಾಕ ಬಂದಾಗ ಹುಡುಗಿ ಪಡಸಾಲ್ಯಾಗ ಕುಂದರ್ತಾಳಲ್ಲ? ಅಲ್ಲಿ ಕುಂತಿರೋತನಕ ಆಕಿ ಹೇಳಿದ್ದಷ್ಟ ಅಲ್ಲ, ಹೇಳದ್ದೂ ನೋಡ್ತಾರ. ಇದೂ ಹಂಗ. ಒಮ್ಮೆ ಹೊರಗ ತಗದ ಆಬ್ಜೆಕ್ಟ್ ಮ್ಯಾಲೆ ಹೈಬರ್ನೇಟಿನ ಕಣ್ಣ ಇರ್ತದ. ಏನ ಬದಲಾದ್ರೂ ತಾನ ಗುರ್ತ ಇಟ್ಕೋತದ. ಕಮಿಟ್ ಅಂದಕೂಡಲೇ ಎಲ್ಲಾ ಬರದ ಬಿಡ್ತದ."

ಅವನು ಎದ್ದು ನಿಂತ.

"ನಾ ಚಾ ಕುಡದ ಬರ್ತೇನಿ. ಹಳೇ ಪ್ರೋಗ್ರಾಮ್ ಎಲ್ಲಾ ಆ ಕಪಾಟಿನಾಗ ಸಿಡಿ ಮಾಡಿಟ್ಟೇನಿ. ಬೇಕಾದ್ರ ನೋಡ್ರಿ."

ಅವನು ಹೊರಗೆ ಹೋದ. ಶೀತಲ ಕಪಾಟು ತೆರೆದಳು. ಮೇ ತಿಂಗಳ ಸಿಡಿ ತೆಗೆದಳು. ಬೆಡಗು ಎಂಬ ಪದವನ್ನು ಹುಡುಕಿದಳು. ಪಟ್ಟಿ ಪ್ರಿಂಟ್ ಮಾಡುವ ಭಾಗದಲ್ಲಿ ಅದು ಸಿಕ್ಕಿತು.

ಪ್ರಿಂಟಿಗೆ ಮುಂಚೆ, ಪ್ರತಿ ಕನ್ಯೆಯ ಬೆಡಗಿನ ಜಾಗದಲ್ಲಿ ಆಕೆಯ ತಾಯಿಯ ತವರಿನ ಬೆಡಗು ತುಂಬಿದ್ದ! ಕಾಗದದ ಮೇಲೆ ತೋರಿಸುವುದಕ್ಕಷ್ಟೇ. ಸೇವ್ ಎಂದು ಎಲ್ಲೂ ಬರೆದಿರಲಿಲ್ಲ. ಆದರೆ ಕೆಳಗೆ, ಎಷ್ಟು ಪ್ರಿಂಟ್ ತೆಗೆದೆವು ಎಂದು ಗುರುತು ಹಾಕಲು, ಒಂದು ಕಮಿಟ್ ಇತ್ತು. ಅದರ ಜೊತೆ ಹದಿನಾಲ್ಕು ಹುಡುಗಿಯರ ಬೆಡಗು ಡೇಟಾಬೇಸಿನಲ್ಲೇ ಬದಲಾಗಿ ಹೋಗಿತ್ತು. ಅದರಲ್ಲಿ ಶಿವಾನಿಯೂ ಒಬ್ಬಳು. ಹೂವಿನವರು ಎಂಬುದು ಅವಳ ತಾಯಿಯ ತವರಿನ ಬೆಡಗು.

ಸಿಕ್ಕಿತು... ಸಿಕ್ಕೇ ಬಿಟ್ಟಿತು!

ಖುಷಿಯಾಗಬೇಕಿತ್ತು. ಕಣ್ಣಲ್ಲಿ ಯಾಕೆ ನೀರು ಬಂತೋ ಅವಳಿಗೇ ತಿಳಿಯಲಿಲ್ಲ. ಪಾಪ, ಹುಡುಗಿ! ಐದು ತಿಂಗಳಿಂದ ಅವಳ ಮನಸ್ಸಿನಲ್ಲೂ ಯಾರೂ ಸೇವ್ ಒತ್ತದೇ ಏನೇನೋ ಬರೆದುಕೊಂಡಿತ್ತು, ಅದನ್ನು ತೆರೆದು ನೋಡುವ ಧೈರ್ಯ ಅವಳಿಗಿರಲಿಲ್ಲ.

ಈಗಿನ ಪ್ರೋಗ್ರಾಮಿನಲ್ಲಿ ಆ ತಪ್ಪು ಇರಲಿಲ್ಲ. ಆಕಾಶ ಅದನ್ನು ತಿದ್ದಿದ್ದ, ಹದಿನಾಲ್ಕು ಬೆಡಗನ್ನೂ ಸರಿಮಾಡಿದ್ದ. ಅದೂ ಅವಳಿಗೆ ಕಂಡಿತು. ಕಂಡರೂ ಕಾಣದವಳಂತೆ ಹಳೆಯ ಸಿಡಿಯನ್ನು ಚೀಲಕ್ಕೆ ಹಾಕಿಕೊಂಡಳು.

ಡಿಸೆಂಬರಿನಲ್ಲಿ ಕಿತ್ತೂರಿನ ಒಂದು ಕಲ್ಯಾಣ ಮಂಟಪದಲ್ಲಿ ಎರಡು ದಿನದ ವಧು ವರರ ಸಮಾವೇಶ. ನಾಲ್ಕು ತಾಲೂಕಿನ ಮಂದಿ ಸೇರಿದ್ದರು. ಸಮಾಜದ ಹಿರಿಯರಾದ ಬಸವಲಿಂಗ ಕಾಕಾ ಅಧ್ಯಕ್ಷರು. ಆಕಾಶನ ಸಾಫ್ಟ್‌ವೇರ್ ಒಪ್ಪಿಗೆಯಾದರೆ ನಾಲ್ಕೂ ತಾಲೂಕಿನ ನೋಂದಣಿ ಅವನಿಗೇ ಸಿಗುವುದಿತ್ತು. ಅವನು ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಅಂಗಿ ಲಗಮವ್ವನ ಕೈಯ ಹೊಲಿಗೆ.

ಶೀತಲ ಅವ್ವನನ್ನು ಒತ್ತಾಯ ಮಾಡಿ ಕರೆತಂದಿದ್ದಳು. ತಂಗೆವ್ವ ಕೊನೆಯ ಸಾಲಿನಲ್ಲಿ, ಸೆರಗು ಮುಖಕ್ಕೆ ಎಳೆದುಕೊಂಡು ಕೂತಿದ್ದಳು. ಮುಂದಿನ ಸಾಲಿನಲ್ಲಿದ್ದ ರಾಮದುರ್ಗದ ಮುದಕವ್ವ ಒಮ್ಮೆ ಹಿಂದಿರುಗಿ ನೋಡಿ, ಮುಖ ತಿರುಗಿಸಿದಳು.

ಆಕಾಶನ ಮಾತು ಮುಗಿಯುತ್ತಿದ್ದಂತೆ ಶೀತಲ ವೇದಿಕೆ ಹತ್ತಿದಳು.

"ನಾನೂ ಇವರ ಹಂತ್ಯಾಕ ಕಲತಾಕಿರಿ. ಒಂದ ತೋರಸ್ತೇನಿ. ಬಸವಲಿಂಗ ಕಾಕಾ, ನಿಮ್ಮ ಮೊಮ್ಮಗಳ ಹೆಸರ ಇದರಾಗ ಐತಲ್ರಿ? ಬೆಡಗ ಓದ್ರಿ."

"ಬಿಲ್ಲಿನವರು. ಬರೋಬ್ಬರಿ ಐತಿ."

ಅವಳು ಹಳೆಯ ಸಿಡಿ ಹಾಕಿ ಒಂದು ಪ್ರಿಂಟ್ ತೆಗೆದಳು. ಆಮೇಲೆ ಮತ್ತೆ ಪರದೆಯ ಮೇಲೆ ಅದೇ ಹೆಸರು ತಂದಳು.

"ಈಗ ಓದ್ರಿ, ಕಾಕಾ."

ಕಾಕಾ ಕನ್ನಡಕ ಸರಿಮಾಡಿಕೊಂಡರು. "ಇದೇನಿದು! ಇದು ನಮ್ಮ ಸೊಸಿ ತವರಮನಿ ಬೆಡಗಲಾ!"

"ಯಾರಾದ್ರೂ ಸೇವ್ ಒತ್ತಿದ್ದು ನೋಡಿದ್ರೇನು? ಇಲ್ಲ! ಮೇ ತಿಂಗಳದಾಗ ಹಿಂಗ ಆತು. ನಮ್ಮವ್ವ ತಪ್ಪ ಬರಸಿರಲಿಲ್ಲ. ತಪ್ಪ ಇವರದು! ಇವರ ಬರದ ಪ್ರೋಗ್ರಾಮಿಂದು!"

ಮಂಟಪವೇ ಎದ್ದು ನಿಂತಿತು. "ಯಾರೀ ಇವನು?" "ಯಾವ ಊರು?" "ದೊಡವಾಡದ ಲಗಮವ್ವನ ಮಗ ಅಲ್ಲೇನ್ರಿ?" "ಅಂಥವನ ಕೈಯಾಗ ನಮ್ಮ ಬೆಡಗ ಕೊಟ್ಟೀರಿ?" ಒಬ್ಬೊಬ್ಬರ ಬಾಯಿಂದ ಒಂದೊಂದು. ಕೆಲವು ಮಾತು ಇಲ್ಲಿ ಬರೆಯುವಂಥದ್ದಲ್ಲ.

ಆಕಾಶ ಮೈಕಿನ ಹತ್ತಿರ ಬಂದ. ಈಗಿನ ಪ್ರೋಗ್ರಾಮಿನಲ್ಲಿ ಅದು ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

"ಹೌದ್ರಿ. ತಪ್ಪ ನಂದ ಐತಿ. ತಂಗೆವ್ವ ಅವ್ವಾರ ತಪ್ಪ ಏನೂ ಇಲ್ಲ."

ತಲೆ ತಗ್ಗಿಸಿ ವೇದಿಕೆ ಇಳಿದ. ಎಷ್ಟು ಮಂದಿಯ ಮುಂದೆ ಅವಳು ಅಂದಿದ್ದಳೋ, ಅದಕ್ಕೂ ಹೆಚ್ಚು ಮಂದಿಯ ಮುಂದೆ.

ಶೀತಲ ಗೆದ್ದಿದ್ದಳು. ಗೆದ್ದವಳ ಕಣ್ಣು ಯಾಕೆ ಅವನ ಹಿಂದೆಯೇ ಹೋಯಿತು?

ಇಳಿಯುವಾಗ ಬಸವಲಿಂಗ ಕಾಕಾ ಬೆನ್ನು ತಟ್ಟಿದರು. "ಶಾಬಾಸ್ ತಂಗಿ! ನಾಳೆ ಒಂದ ಕಾಗದ ಬರದ ಕೊಡು. ಯಾವ ತಾರೀಖಿಗೆ, ಹೆಂಗ ಆತು ಅಂತ. ಕಮಿಟಿ ವಹಿಯೊಳಗ ಇಡೋಣ. ಅವನ ಕೈಲೆ ಮುಂದ ಯಾರೂ ಕೆಲಸ ಮಾಡಸಬಾರದು."

ತಾರೀಖು ಬೇಕಿತ್ತು. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ಅವಳು ಬೈಲಹೊಂಗಲಕ್ಕೆ ಬಂದಳು. ಸೆಂಟರಿನ ಒಂದು ಕೀಲಿ ಅವಳ ಬಳಿ ಇತ್ತು, ಬೆಳಗಿನ ತರಗತಿಗೆ ಬಾಗಿಲು ತೆಗೆಯುತ್ತಿದ್ದವಳು ಅವಳೇ. ಫೋನಿನ ಪಕ್ಕ ಆಕಾಶ ಒಂದು ನೋಟ್‌ಬುಕ್ ಇಟ್ಟಿದ್ದ. ಯಾರು ಯಾವ ದಿನ ಏನು ಕೆಲಸ ಹೇಳಿದರು ಎಂದು ಅದರಲ್ಲಿ ಬರೆಯುತ್ತಿದ್ದ. ಆ ಪ್ರಿಂಟನ್ನು ಹೇಳಿದವರು ಯಾರು, ಯಾವ ದಿನ... ಅವಳು ಮೇ ತಿಂಗಳ ಪುಟ ತಿರುವಿದಳು.

ಮೇ ಎರಡು. ಮಧ್ಯಾಹ್ನ. ಫೋನ್. ತಂಗೆವ್ವ ಅವರ ಮಗಳು. ಕನ್ಯಾ ಪಟ್ಟಿಯಲ್ಲಿ ತಾಯಿಯ ತವರಿನ ಬೆಡಗು ಬೇಕು. ಹೊಸ ಕಾಲಂ ಮಾಡಲು ಎರಡು ದಿನ ಅಂದೆ. ಬೇಡ, ಇದ್ದ ಕಾಲಮಿನಲ್ಲೇ ಹಾಕಿ ಈಗಲೇ ಕೊಡಿ ಅಂದರು.

ಅಕ್ಷರಗಳು ಕಣ್ಣ ಮುಂದೆ ಕಲಸಿಹೋದವು.

ನೆನಪಾಯಿತು. ಎಲ್ಲ ನೆನಪಾಯಿತು! ಅವತ್ತು ಸವದತ್ತಿಯ ಮಂದಿ ಮನೆಗೆ ಬಂದು ಕೂತಿದ್ದರು. ಹುಡುಗಿಯರ ತಾಯಿಯ ಕಡೆಯ ಬೆಡಗೂ ನೋಡಬೇಕು ಎಂದಿದ್ದರು. ಅವಳು ಫೋನ್ ಮಾಡಿದ್ದಳು. ಆ ಕಡೆಯಿಂದ ಯಾರೋ, ಹೆಸರೂ ಕೇಳಿರಲಿಲ್ಲ, "ಎರಡ ದಿನ ಬೇಕ್ರಿ" ಎಂದಿದ್ದ. ಅವಳೇ ಗದರಿದ್ದಳು. "ಎರಡ ದಿನ! ಅದ ಕಾಲಮಿನಾಗ ಹಾಕಿ ಒಂದ ಪ್ರಿಂಟ್ ತಗದ ಕಳಸ್ರಿ. ಯಾರ ಕೇಳ್ತಾರ!"

ಯಾರು ಕೇಳುತ್ತಾರೆ... ಮುದಕವ್ವ ಕೇಳಿದ್ದಳು.

ಶೀತಲ ಆ ನೋಟ್‌ಬುಕ್ಕಿನ ಮೇಲೆ ಹಣೆ ಇಟ್ಟು ಅತ್ತಳು. ನಾಲ್ಕು ತಾಲೂಕಿನ ಮುಂದೆ ಅವನು ತಲೆ ತಗ್ಗಿಸಿ ನಿಂತಿದ್ದ. ಆ ಫೋನಿನ ಬಗ್ಗೆ ಬಾಯಿ ಬಿಡಲಿಲ್ಲ. ಒಂದು ಮಾತೂ!

ಹತ್ತು ಗಂಟೆಗೆ ಅವಳು ಮತ್ತೆ ಕಿತ್ತೂರಿನಲ್ಲಿದ್ದಳು. ಮಂಟಪದ ಪಕ್ಕದ ಕೋಣೆಯಲ್ಲಿ ಬಸವಲಿಂಗ ಕಾಕಾ ಉಪ್ಪಿಟ್ಟು ತಿನ್ನುತ್ತಿದ್ದರು. ಅವಳು ನೋಟ್‌ಬುಕ್ ಅವರ ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಕಾಕಾ ಓದಿದರು. ಮುಚ್ಚಿದರು. ನೋಟ್‌ಬುಕ್ಕನ್ನು ಅವಳ ಕಡೆಗೇ ಸರಿಸಿದರು.

"ಸುಮ್ಮನಿರು, ತಂಗಿ. ಹೆಂಗೂ ಅವನ ಮ್ಯಾಲೆ ಹೋಗೇತಿ. ಹೋಗಲಿ ಬಿಡು. ಅವನು ನಮ್ಮಾಂವ ಅಲ್ಲ. ಈಗಷ್ಟ ನಿಮ್ಮವ್ವನ ಹೆಸರ ತಿರುಗಿ ಬಂದೈತಿ. ನೀ ಬಾಯಿ ಬಿಟ್ರ ಮತ್ತ ಹೋಕ್ಕೈತಿ. ಅಷ್ಟರ ಬುದ್ಧಿ ಇರಬೇಕಲಾ?"

ಬಾಗಿಲಲ್ಲಿ ನೆರಳು ಕಂಡಿತು. ತಂಗೆವ್ವ ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

ಶೀತಲ ಅವ್ವನ ಮುಖ ನೋಡಿದಳು. ಏಳು ತಿಂಗಳ ಮೇಲೆ ನಿನ್ನೆ ಸಂಜೆ ಮೊದಲ ಸಲ ಆ ಮುಖದಲ್ಲಿ ನಗು ಬಂದಿತ್ತು. ಯಾರೋ ಬಂದು, ನಮ್ಮ ಹುಡುಗಿಗೊಂದು ವರ ನೋಡವ್ವ ಎಂದಿದ್ದರು.

"ಅವ್ವಾ... ನಾ ಏನ ಮಾಡ್ಲಿ?"

"ನಿನ್ನೆ ಮೈಕ್ ಹಿಡಿಯೂ ಮುಂದ ನನ್ನ ಕೇಳಿದ್ದೇನು?" ತಂಗೆವ್ವನ ಧ್ವನಿ ಗಡುಸಾಗಿತ್ತು. "ಇವತ್ತ ಯಾಕ ಕೇಳ್ತಿ? ಹೋಗು!"

ಶೀತಲ ಹೋದಳು. ವೇದಿಕೆಯ ಮೇಲೆ ಯಾರೋ ಭಾಷಣ ಮಾಡುತ್ತಿದ್ದರು. ಮೈಕ್ ಕೇಳಿ ಇಸಿದುಕೊಂಡಳು.

"ನಿನ್ನೆ ನಾ ಅರ್ಧ ಹೇಳೇನ್ರಿ. ಇನ್ನರ್ಧ ಕೇಳ್ರಿ. ಹಂಗ ಪ್ರಿಂಟ್ ತಗೀರಿ ಅಂತ ಫೋನಿನಾಗ ಗದರಿಸಿ ಹೇಳಿದಾಕಿ ನಾನ! ಎರಡ ದಿನ ಬೇಕು ಅಂದ್ರು, ಬ್ಯಾಡಂದೆ. ಆಮ್ಯಾಲೆ ತಪ್ಪ ಗೊತ್ತಾಗಿ ಅವರು ತಿದ್ಯಾರ. ಅದು ನನಗ ಗೊತ್ತಿತ್ತು. ಗೊತ್ತಿದ್ರೂ ಹಳೇದ ತಂದ ತೋರಿಸಿದೆ. ಸೇಡ ತೀರಿಸ್ಕೊಳ್ಳಾಕ ಮಾಡೇನ್ರಿ!"

ಗುಸುಗುಸು ಎದ್ದಿತು. "ಹಂಗಾರ ತಂಗೆವ್ವನ ಮನೀದ ತಪ್ಪು!" ಎಂದು ಯಾರೋ ಕೂಗಿದರು.

"ಹೌದು!"

ತಂಗೆವ್ವ ವೇದಿಕೆ ಹತ್ತುತ್ತಿದ್ದಳು. ಸೆರಗು ಮುಖದ ಮೇಲಿರಲಿಲ್ಲ. ಮಗಳ ಕೈಯಿಂದ ಮೈಕ್ ತೆಗೆದುಕೊಂಡಳು.

"ಸಕ್ಕರಿ ಕೊಡೂಕಿಂತ ಮೊದಲ ಎರಡೂ ಕಡ್ಯಾವರನ್ನ ಎದುರಾ ಎದುರು ಕುಂದರ್ಸಿ, ಬಾಯಿಲೆ ಬೆಡಗ ಕೇಳೂದು ನನ್ನ ಪದ್ಧತಿ. ಇಪ್ಪತ್ತೈದ ವರ್ಷ ಒಮ್ಮೀನೂ ತಪ್ಪಿಸಿರಲಿಲ್ಲ. ಅವತ್ತ ಕೇಳಲಿಲ್ಲ. ಕಾಗದದಾಗ ಐತಲ್ಲ ಅಂತ ಬಿಟ್ಟೆ. ಆ ಹುಡುಗ ತಪ್ಪ ಬರದ. ನನ್ನ ಮಗಳು ಅವಸರ ಮಾಡಿದ್ಲು. ಆದ್ರ ನಾ ಒಂದ ಮಾತ ಕೇಳಿದ್ರ ಎಲ್ಲಾ ಅಲ್ಲೇ ಸಿಗ್ತಿತ್ತು. ಕೇಳಲಿಲ್ಲ. ಎಲ್ಲಾರಕಿಂತ ದೊಡ್ಡ ತಪ್ಪ ನಂದು."

ಮುಂದಿನ ಸಾಲಿನಲ್ಲಿ ಮುದಕವ್ವ ಕೋಲು ಊರಿ ಎದ್ದಳು. ಎಲ್ಲರೂ ಅವಳನ್ನೇ ನೋಡಿದರು.

"ತಂಗೆವ್ವಾ, ನಮ್ಮ ಹುಡುಗ ಇನ್ನೂ ಹಂಗ ಅದಾನ. ಇನ್ನೊಂದ ಕನ್ಯಾ ನೀನ ನೋಡು. ಈ ಸಲ ಬಾಯಿಲೆ ಕೇಳು."

ತಂಗೆವ್ವ ಅಲ್ಲೇ ವೇದಿಕೆಯ ಮೇಲೆ ಕೂತುಬಿಟ್ಟಳು. ಏಳು ತಿಂಗಳು ತಡೆದಿದ್ದ ಅಳು ಈಗ ಬಂತು.

ಶೀತಲ ಅಲ್ಲಿ ನಿಲ್ಲಲಿಲ್ಲ. ಅವಳ ಕಣ್ಣು ಮಂಟಪವೆಲ್ಲ ಹುಡುಕುತ್ತಿತ್ತು. ಆಕಾಶ ಎಲ್ಲಿ? "ನಿನ್ನೆ ಇಲ್ಲೇ ಉಳಿದಿದ್ದ ಕಂಪ್ಯೂಟರ್ ತಗೊಂಡ ಈಗ ಹೋದ್ರಿ, ಸ್ಟ್ಯಾಂಡಿಗೆ," ಎಂದ ಬಾಗಿಲ ಬಳಿ ಇದ್ದ ಮುದುಕ. "ನಿಮ್ಮ ಮಾತೆಲ್ಲಾ ಇಲ್ಲೇ ನಿಂತ ಕೇಳಿ ಹೋದ."

ಅವಳು ಓಡಿದಳು. ಸೀರೆ ಉಟ್ಟು ಓಡುವುದು ಎಷ್ಟು ಕಷ್ಟವೋ ಉಟ್ಟವರಿಗೇ ಗೊತ್ತು!

ಕಿತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ, ಹಗ್ಗ ಕಟ್ಟಿದ ರಟ್ಟಿನ ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡು ಅವನು ಕೂತಿದ್ದ. ನಿನ್ನೆಯ ಅದೇ ಅಂಗಿ, ಮುದ್ದೆಯಾಗಿತ್ತು.

"ಯಾಕ ಹೇಳಲಿಲ್ಲ?" ಏದುಸಿರು ಬಿಡುತ್ತಾ ಅವನ ಮುಂದೆ ನಿಂತಳು. "ಬುಕ್ಕಿನಾಗ ಬರದ ಇಟ್ಟಿದ್ರಿ. ಗೊತ್ತಿತ್ತು! ಯಾಕ ಬಾಯಿ ಬಿಡಲಿಲ್ಲ?"

"ನೀವು ಒಂದ ಪ್ರಿಂಟ್ ಕೇಳಿದ್ರಿ. ಡೇಟಾಬೇಸ್ ಬದಲ ಮಾಡು ಅಂದಿರಲಿಲ್ಲ. ಬರದಾಂವ ನಾನು."

"ಅದಲ್ಲ ನಾ ಕೇಳಿದ್ದು!"

ಅವನು ತಲೆ ಎತ್ತಿದ. ಕಣ್ಣಲ್ಲಿ ಸಿಟ್ಟಿತ್ತು. ಇಷ್ಟು ದಿನ ಒಮ್ಮೆಯೂ ಕಾಣದ ಸಿಟ್ಟು.

"ಹೇಳಿದ್ರ ಯಾರ ನಂಬತಿದ್ರಿ? ದೊಡವಾಡದ ಲಗಮವ್ವನ ಮಗ ತಂಗೆವ್ವನ ಮಗಳ ಮ್ಯಾಲೆ ತಪ್ಪ ಹಾಕ್ತಾನ ಅಂತಿದ್ರು. ನೀವೂ ಅಂತಿದ್ರಿ. ಅದಕ್ಕ ಕಲಿಸಿದೆ. ನೀವ ಹುಡುಕಲಿ, ನಿಮ್ಮ ಕಣ್ಣಿಲೆ ನೋಡಲಿ ಅಂತ. ನೋಡಿದ ಮ್ಯಾಲರೆ ಬಂದ ಒಂದ ಮಾತ ಕೇಳ್ತೀರಿ ಅಂದ್ಕೊಂಡಿದ್ದೆ." ಅವನು ಡಬ್ಬಿಯ ಹಗ್ಗ ಬಿಗಿದು ಎಳೆದ. "ನೀವು ಸಿಡಿ ತಗೊಂಡ ಹೋದ್ರಿ."

ಆ ಮಾತು ಚುಚ್ಚಿತು. ಚುಚ್ಚಬೇಕಾದ ಜಾಗಕ್ಕೇ ಚುಚ್ಚಿತು.

"ಹೌದು. ಒಯ್ದೆ." ಅವಳು ಅವನ ಪಕ್ಕದ ಕಲ್ಲಿನ ಬೆಂಚಿನ ಮೇಲೆ ಕುಸಿದಳು. "ಆರ ತಿಂಗಳ ನಿನ್ನ ಹಾಳ ಮಾಡಬೇಕು ಅಂತನ ಬರ್ತಿದ್ದೆ. ದಿನಾ ಮುಂಜಾನೆ ಅದನ್ನ ನೆನಸ್ಕೊಂಡ ಬರ್ತಿದ್ದೆ. ಯಾಕ ನೆನಸ್ಕೋಬೇಕಾಗಿತ್ತು ಗೊತ್ತೇನು? ಮರೀತಿತ್ತು! ನಿನ್ನ ಮುಖ ನೋಡಿದ್ರ ಎಲ್ಲಾ ಮರೀತಿತ್ತು! ಮೆಣಸಿನಕಾಯಿ ತಿಂದ ಅಳ್ತಿದ್ಯಲ್ಲ, ಆವಾಗ ಸುದ್ದಾ..."

ಮುಂದಿನ ಮಾತು ಅಳುವಿನಲ್ಲಿ ಹೋಯಿತು.

ಧಾರವಾಡದ ಬಸ್ಸೊಂದು ಬಂದು ಹೋಯಿತು.

"ನನಗ ಮೇ ತಿಂಗಳದಾಗ ಗೊತ್ತಾಗಿತ್ತು," ಎಂದ ಮೆಲ್ಲಗೆ. "ತಲಿ ಒಡೀಲೋ ಅಂದ್ಯಲ್ಲ. ತನ್ನ ಅವ್ವನ ಸಲುವಾಗಿ ಇಷ್ಟ ಸಿಟ್ಟಾಗೋ ಹುಡುಗಿ ಒಮ್ಮೆ ನನ್ನ ಸಲುವಾಗಿ ಸಿಟ್ಟಾದ್ರ ಹೆಂಗಿರ್ತೈತಿ ಅನಿಸಿತ್ತು. ಇವತ್ತ ಮಂಟಪದ ಬಾಗಿಲದಾಗ ನಿಂತ ನೋಡಿದೆ."

ಶೀತಲ ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು. ಅಷ್ಟರಲ್ಲಿ ಎದುರಿಗೆ ಯಾರೋ ನಿಂತರು.

ತಂಗೆವ್ವ. ಕಂಕುಳಲ್ಲಿ ವಹಿ.

ಇಬ್ಬರೂ ದಡಬಡಿಸಿ ಎದ್ದು ನಿಂತರು. ಅವಳು ಮಗಳನ್ನು ನೋಡಿದಳು. ಅವನನ್ನು ನೋಡಿದಳು. ಇಪ್ಪತ್ತೈದು ವರ್ಷ ಹುಡುಗ ಹುಡುಗಿಯರ ಮುಖ ಓದಿದ ಕಣ್ಣು ಅದು. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಅವಳ ಹಿಂದೆ ಮಂಟಪದಿಂದ ಬಂದ ನಾಲ್ಕೈದು ಮಂದಿ ನಿಂತು ನೋಡುತ್ತಿದ್ದರು. ಅರ್ಧ ಗಂಟೆಯ ಹಿಂದಷ್ಟೇ ಅವಳಿಗೆ ತಿರುಗಿ ಸಿಕ್ಕ ಮಂದಿ. ತಂಗೆವ್ವನಿಗೆ ಅವರು ಕಂಡರು. ಅವಳು ಧ್ವನಿ ತಗ್ಗಿಸಲಿಲ್ಲ.

"ಆಕಾಶಪ್ಪಾ, ಬರೋ ಸೋಮವಾರ ನಮ್ಮ ಮನೀಗೆ ಊಟಕ್ಕ ಬಾ. ನಿಮ್ಮವ್ವನ್ನೂ ಕರ್ಕೊಂಡ ಬಾ. ನಾನ ಬಂದ ಕರೀಬೇಕಂದ್ರ ದೊಡವಾಡಕ್ಕೂ ಬರ್ತೇನಿ."

ಆಕಾಶ ಕೈ ಜೋಡಿಸಿದ.

"ಅವ್ವಾ..." ಶೀತಲ ಅವ್ವನ ಹತ್ತಿರ ಸರಿದಳು. "ಮಂದಿ ನೋಡಾಕ ಹತ್ಯಾರ. ನಾಳಿಂದ ನಿನ್ನ ಹಂತ್ಯಾಕ ಯಾರೂ ಬರಲಿಲ್ಲಂದ್ರ?"

"ಬರೋರ ಬರ್ತಾರ. ಬರದವರ ಇರ್ತಾರ. ಮಂದಿ ಮಕ್ಕಳ ಸಲುವಾಗಿ ಇಷ್ಟ ದಿನ ಕೇಳಬೇಕಾದ್ದೆಲ್ಲಾ ಕೇಳೇನಿ. ಇದು ನನ್ನ ಮಗಳು." ತಂಗೆವ್ವ ಸೆರಗಿನಿಂದ ಮಗಳ ಮುಖ ಒರೆಸಿದಳು. "ಏ, ಅಳೂದ ಬಿಡು. ಬಸ್ ಬಂತು, ಜಾಗಾ ಹಿಡೀರಿ."

ಅವಳೇ ಮೊದಲು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಹಿಂದಿರುಗಿ ನೋಡಲಿಲ್ಲ.

ಆಕಾಶ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತ. ಪಕ್ಕದಲ್ಲಿ ಶೀತಲ. ಬಸ್ಸು ಹೊರಟಿತು. ಇಬ್ಬರ ಕೈಗೂ ನಡುವೆ ಒಂದು ಗೇಣು ಜಾಗ.

"ಸೋಮವಾರ ಬರ್ತೀಯಲಾ?" ಎಂದಳು ಪಿಸುಮಾತಿನಲ್ಲಿ.

"ಅವ್ವನ್ನ ಕೇಳಬೇಕು. ನಮ್ಮವ್ವ ಇಂಥ ಮನಿ ಒಳಗ ಹೋಗಿ ಉಂಡಿಲ್ಲ, ಶೀತಲಾ."

"ಅಂಜಿಕಿ ಆಗೇತೇನು?"

"ಬಾಳ."

ಅವಳು ಆ ಗೇಣು ಜಾಗ ದಾಟಿ ಅವನ ಕೈ ಹಿಡಿದಳು.

"ನನಗೂ."